92,000 ಕಿ.ಮೀ. ಆಗಿರೋ ಆಟೋಮ್ಯಾಟಿಕ್: ಗೇರ್‌ಬಾಕ್ಸ್ ಆಯಿಲ್ ಇಳಿಸಿ ತುಂಬಿಸೋದಾ, ಮಷಿನ್ ಹಾಕಿ ಫ್ಲಶ್ ಮಾಡಿಸೋದಾ?

ಪುತ್ತೂರು_ಟು_ಬೆಂಗ್ಳೂರು:
ಎಲ್ಲರಿಗೂ ನಮಸ್ಕಾರ. ನಮ್ ಮಾವನವರ ಹತ್ರ ಇದ್ದ 2015ರ ಆಟೋಮ್ಯಾಟಿಕ್ ಕಾರು ಹೋದ ವರ್ಷ ನಾನು ತಗೊಂಡೆ, 6 ಗೇರು, ಟಾರ್ಕ್ ಕನ್ವರ್ಟರ್ (ಇಂಜಿನ್ ಶಕ್ತಿನ ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸೋ ಭಾಗ) ಇರೋದು, ಈಗ 92,000 ಕಿ.ಮೀ. ಆಗಿದೆ. ದಿನಾ ಸಿಲ್ಕ್ ಬೋರ್ಡ್ ಮೇಲೆ ಮಾರತ್ತಹಳ್ಳಿಗೆ ಓಡಾಟ, ತಿಂಗಳಿಗೊಂದ್ಸಲ ಶಿರಾಡಿ ಇಳಿದು ಊರಿಗೆ ಹೋಗಿ ಬರ್ತೀವಿ. ಹದಿನೈದು ದಿನದಿಂದ ಬೆಳಗ್ಗೆ ಇಂಜಿನ್ ತಣ್ಣಗಿದ್ದಾಗ ರಿವರ್ಸ್‌ಗೆ ಹಾಕಿದ್ರೆ ಒಂದು ಕ್ಷಣ ಸುಮ್ನಿದ್ದು ಆಮೇಲೆ ಧಡಕ್ ಅಂತ ಹಿಡಿಯುತ್ತೆ, 2ರಿಂದ 3ಕ್ಕೆ ಹೋಗೋವಾಗ ಸಣ್ಣ ಜರ್ಕ್ ಬೇರೆ. ಬಿಸಿ ಆದ್ಮೇಲೆ ಏನೂ ಗೊತ್ತಾಗಲ್ಲ.

ಒಂದು ಸರ್ವಿಸ್ ಸೆಂಟರ್‌ನಲ್ಲಿ ಕೇಳಿದ್ರೆ ಲೈಫ್‌ಟೈಮ್ ಆಯಿಲ್ ಸಾರ್ ಮುಟ್ಟೋದೇ ಬೇಡ ಅಂದ್ರು, ಇನ್ನೊಂದು ಗ್ಯಾರೇಜಲ್ಲಿ ಮಷಿನ್ ಫ್ಲಶ್‌ಗೆ (ಪ್ರೆಷರಲ್ಲಿ ಹೊಸ ಆಯಿಲ್ ನುಗ್ಗಿಸಿ ಹಳೇದನ್ನ ಹೊರಗೆ ತಳ್ಳೋದು) 14,000 ಹೇಳಿದ್ರು, ಆಫೀಸಿನ ಗೆಳೆಯ ಹಳೇ ಆಯಿಲ್ ತೆಗೆದ್ರೆ ಗೇರ್‌ಬಾಕ್ಸೇ ಕೈ ಕೊಡುತ್ತೆ ಅಂತಾನೆ. ಆಯಿಲ್ ಯಾವತ್ತಾದ್ರೂ ಬದಲಾಯಿಸಿದ್ರಾ ಅಂತ ಮಾವಂಗೂ ನೆನಪಿಲ್ಲ. ಮಾಡಿಸಿ ಅನುಭವ ಇರೋರು ದಯವಿಟ್ಟು ಹೇಳಿ.

ಹುಬ್ಬಳ್ಳಿ_ಗ್ಯಾರೇಜ್:
ನೋಡ್ರಿ ಸರ, ಲೈಫ್‌ಟೈಮ್ ಅನ್ನೂದನ್ನ ಮೊದಲ ತಲಿಯಾಗಿಂದ ತಗೀರಿ. ಝಡ್‌ಎಫ್ ಅಂತ ಜರ್ಮನಿಯ ಕಂಪನಿ ಐತಿ, ದೊಡ್ಡ ದೊಡ್ಡ ಕಾರಿಗೆಲ್ಲಾ ಗೇರ್‌ಬಾಕ್ಸ್ ಮಾಡಿ ಕೊಡೋರು ಅವ್ರು, ಅವ್ರ ತಮ್ಮ ಗೇರ್‌ಬಾಕ್ಸಿಗೆ 80,000ದಿಂದ 1,20,000 ಕಿ.ಮೀ.ದಾಗ ಇಲ್ಲಾ 8 ವರ್ಷಕ್ಕ ಆಯಿಲ್ ಬದ್ಲಿ ಮಾಡ್ರಿ ಅಂತಾರ. ಈ ಆಯಿಲ್ ಬರೇ ಗೇರಿಗೆ ಜಿಡ್ಡ ಹಚ್ಚಾಕ ಅಲ್ರಿ, ಅದರ ಪ್ರೆಷರ್‌ಲೇ ಕ್ಲಚ್ ಪ್ಲೇಟ್ ಹಿಡೀತಾವ, ಒಳಗಿನ ಕಾವು ಹೊರಗ ಒಯ್ಯೂದೂ ಅದ. ನಿಮ್ಮ ಸಿಲ್ಕ್ ಬೋರ್ಡ್ ಟ್ರಾಫಿಕ್‌ನ್ಯಾಗ ನಿಂತು ನಿಂತು ಹೋಗೂ ಹೊತ್ತಿಗೆ ಕನ್ವರ್ಟರ್ ಒಳಗ ಆಯಿಲ್ ಮಜ್ಜಿಗಿ ಕಡದಂಗ ಕಡದು ಕಾಯತೈತಿ, ಕಾದಷ್ಟು ಲಗೂನ ಕೆಡತೈತಿ.

ನಿಮ್ಮ ಗೆಳ್ಯಾ ಹೇಳಿದ್ದು ಪೂರಾ ಸುಳ್ಳಲ್ಲ, ಆದ್ರ ಕಾರಣ ಬ್ಯಾರೆ. ಕ್ಲಚ್ ಪ್ಲೇಟ್ ಸವದು ಗಾಡಿ ಜಾರಾಕತ್ತ ಮ್ಯಾಲೆ ಜನ ಆಯಿಲ್ ಬದ್ಲಿ ಮಾಡಸಾಕ ಬರ್ತಾರ. ಆವಾಗ ಹೊಸಾ ಆಯಿಲ್ ಹಾಕಿದ್ರೂ ಉಳಿಯೂದಿಲ್ಲ, ಅಪವಾದ ಆಯಿಲ್ ಮ್ಯಾಲೆ ಬರತೈತಿ. ನಿಮ್ಮದು ಇನ್ನೂ ಜಾರಾಕತ್ತಿಲ್ಲ, ಅಂದ್ರ ಆಕ್ಸಿಲರೇಟರ್ ಒತ್ತಿದ್ರ ಆರ್‌ಪಿಎಂ ಏರಿ ಗಾಡಿ ಹಂಗ ಉಳಿಯೂದಿಲ್ಲ, ಹೌದಲ್ಲೋ? ಹಂಗಿದ್ರ ಈಗ ಮಾಡಸ್ರಿ. ಪ್ರೆಷರ್ ಹಾಕಿ ಫ್ಲಶ್ ಮಾಡೂದು ಮಾತ್ರ ಬ್ಯಾಡ್ರಿ. ಏಳೆಂಟು ವರ್ಷ ತಳಕ್ಕ ಕುಂತ ರಾಡಿ ಎದ್ದು ವಾಲ್ವ್ ಬಾಡಿ, ಅಂದ್ರ ಆಯಿಲ್ ಯಾವ ಕ್ಲಚ್ಚಿಗೆ ಹೋಗಬೇಕಂತ ಹೊಂದಸೂ ಭಾಗದ, ಸಣ್ಣ ದಾರಿಗೆ ಸಿಕ್ಕೊಂಡ್ರ ಅದು ದೊಡ್ಡ ಖರ್ಚು.

ಕಡಲ_ಕರೆ:
ನಾನು ಮನೆಯಲ್ಲೇ ಮಾಡಿದವ, ಹಾಗಾಗಿ ಲೆಕ್ಕ ಹೇಳ್ತೇನೆ. ಕೆಳಗಿನ ಬೋಲ್ಟ್ ಬಿಚ್ಚಿದ್ರೆ ಎಲ್ಲ ಆಯಿಲ್ ಬರುವುದಿಲ್ಲ, ಕನ್ವರ್ಟರ್‌ನಲ್ಲಿ, ಕೂಲರ್ ಪೈಪಿನಲ್ಲಿ ಅರ್ಧದಷ್ಟು ಉಳಿದು ಬಿಡ್ತದೆ. ಒಟ್ಟು 7 ಲೀಟರ್ ಉಂಟು, 3.5 ಇಳೀತದೆ ಅಂತ ಇಟ್ಕೊಳ್ಳಿ. ಮೊದಲ ಸಲ ಅರ್ಧ ಹೊಸದು, ಎರಡನೇ ಸಲ ಮುಕ್ಕಾಲು, ಮೂರನೇ ಸಲಕ್ಕೆ ನೂರಕ್ಕೆ 87 ಭಾಗ. ನಡುವೆ ಒಂದು ಐನೂರು, ಸಾವಿರ ಕಿ.ಮೀ. ಓಡಿಸಿ.

ಮೇಲಿನ ತುಂಬಿಸುವ ಬೋಲ್ಟ್ ಮೊದಲು ಸಡಿಲ ಮಾಡಿ ಮಾರ್ರೆ, ಆಮೇಲೆ ಕೆಳಗಿನದ್ದು! ಇಳಿಸಿದ ಮೇಲೆ ಮೇಲಿನದ್ದು ಬಿಚ್ಚಲಿಕ್ಕೆ ಆಗದಿದ್ರೆ ಗಾಡಿ ಅಲ್ಲೇ ಬಾಕಿ. ಇಳಿದದ್ದನ್ನು ಅಳತೆ ಮಾಡಿ ಅಷ್ಟೇ ಹಾಕಿ. ಕೊನೆಗೆ ಇಂಜಿನ್ ಸ್ಟಾರ್ಟ್‌ನಲ್ಲಿಟ್ಟು, ಬ್ರೇಕ್ ತುಳಿದು, ಲಿವರನ್ನು ಪಿ ಆರ್ ಎನ್ ಡಿ ಎಲ್ಲದರಲ್ಲೂ ಎರಡು ಮೂರು ಸೆಕೆಂಡ್ ನಿಲ್ಲಿಸಿ, ಲೆವೆಲ್ ನೋಡ್ಬೇಕು. ಇದು ಸಮತಟ್ಟು ಜಾಗದಲ್ಲಿ, ಆಯಿಲ್ ಇಂತಿಷ್ಟು ಬಿಸಿ ಇರುವಾಗಲೇ ಆಗ್ಬೇಕು, ಯಾಕಂದ್ರೆ ಬಿಸಿಗೆ ಆಯಿಲ್ ಉಬ್ಬುತ್ತದೆ. ನನ್ನ ಗಾಡಿಗೆ 50ರಿಂದ 60 ಡಿಗ್ರಿ, ನಿಮ್ಮದರ ಮ್ಯಾನ್ಯುಯಲ್ ನೋಡಿ, ಗ್ಯಾರೇಜಿನವರ ಹತ್ರ ಸ್ಕ್ಯಾನರ್‌ನಲ್ಲೇ ನೋಡ್ಲಿಕ್ಕೆ ಹೇಳಿ. ಆಯಿಲ್ ಬಣ್ಣ ಕೆಂಪು ಇದ್ರೆ ಎಲ್ಲ ಒಂದೇ ಅಂತ ಯಾವುದೋ ಡಬ್ಬ ಹಾಕಿಸ್ಬೇಡಿ, ಮ್ಯಾನ್ಯುಯಲ್‌ನಲ್ಲಿ ಬರೆದ ಸ್ಪೆಸಿಫಿಕೇಶನ್ನೇ ಬೇಕು.

ಮಂಡ್ಯ_ಸವಾರ:
ಅಣ್ಣ ನಂದು ಸಿವಿಟಿ (ಗೇರ್ ಬದ್ಲು ಬೆಲ್ಟ್ ಮೇಲೆ ಓಡೋ ಆಟೋಮ್ಯಾಟಿಕ್), ಇದೇ ಆಯಿಲ್ ನಡೀತದಾ?

ಹುಬ್ಬಳ್ಳಿ_ಗ್ಯಾರೇಜ್:
ಬಿಲ್‌ಕುಲ್ ಹಾಕಬ್ಯಾಡ್ರಿ! ಸಿವಿಟಿಗೆ ಅದರದ ಬ್ಯಾರೆ ಫ್ಲೂಯಿಡ್, ಅದರಾಗ ಬೆಲ್ಟ್ ಜಾರದಂಗ ಹಿಡಕೊಳ್ಳೂ ಗುಣ ಬೇಕು. ಎಎಂಟಿ, ಅಂದ್ರ ಕ್ಲಚ್ಚು ಗೇರು ಮಷಿನ್ನೇ ಬದಲಸೂ ಗಾಡಿ, ಆದ್ರ ಅದು ಒಳಗ ಮ್ಯಾನ್ಯುಯಲ್ ಗೇರ್‌ಬಾಕ್ಸೇ, ಅದಕ್ಕ ಆ ಗೇರ್ ಆಯಿಲ್ಲೇ.

ಪುತ್ತೂರು_ಟು_ಬೆಂಗ್ಳೂರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಲ್ಲ ಸರ್, ಜಾರ್ತಾ ಇಲ್ಲ, ನೋಡ್ಕೊಂಡೇ ಶನಿವಾರ ಮಾಡಿಸ್ದೆ, ಪಕ್ಕದಲ್ಲೇ ನಿಂತಿದ್ದೆ. 3.4 ಲೀಟರ್ ಇಳೀತು, ಡಿಕಾಕ್ಷನ್ ಥರ ಕಪ್ಪು ಕಂದು, ಸ್ವಲ್ಪ ಸುಟ್ಟ ವಾಸನೆ. ಹೊಸ ಡಬ್ಬ ತೆಗೆದಾಗ ದಾಸವಾಳದ ಕೆಂಪು ನೋಡಿ ಹೊಟ್ಟೆ ಉರೀತು, ಇಷ್ಟು ದಿನ ಎಂಥದ್ರಲ್ಲಿ ಓಡಿಸ್ತಿದ್ದೆ ಅಂತ. ಪ್ಯಾನ್ (ಗೇರ್‌ಬಾಕ್ಸ್ ತಳದ ಆಯಿಲ್ ತಟ್ಟೆ) ಬಿಚ್ಚಿದಾಗ ಅದರೊಳಗಿನ ಮ್ಯಾಗ್ನೆಟ್ ಮೇಲೆ ಕಾಡಿಗೆ ಥರ ನುಣ್ಣಗಿನ ಪೇಸ್ಟು ಮೆತ್ಕೊಂಡಿತ್ತು, ಬೆರಳಲ್ಲಿ ಉಜ್ಜಿ ನೋಡಿದೆ, ಚೂರು ಗೀರು ಏನೂ ತಾಗಲಿಲ್ಲ. ಫಿಲ್ಟರ್, ಗ್ಯಾಸ್ಕೆಟ್ ಹೊಸದು ಹಾಕಿದ್ರು.

ಹುಬ್ಬಳ್ಳಿ_ಗ್ಯಾರೇಜ್:
ನುಣ್ಣನ ಪೇಸ್ಟ್ ಇದ್ರ ಚಿಂತಿಲ್ಲ, ದಿನದ ಸವಕಳಿ ಅದು. ಕಬ್ಬಿಣದ ಚಕ್ಕಿ ಸಿಕ್ಕಿದ್ರ ಅಂಜಬೇಕಿತ್ತು. ಹಳೇ ಆಯಿಲ್ ಮೋರಿಗೆ ಚೆಲ್ಲಿಲ್ಲಲ್ಲ?

ಪುತ್ತೂರು_ಟು_ಬೆಂಗ್ಳೂರು:
ಇಲ್ಲ ಸರ್, ಅವರದೇ ಡ್ರಮ್‌ಗೆ ಹಾಕಿದ್ರು, ರೀಸೈಕಲ್‌ನವರು ಬಂದು ತಗೊಂಡು ಹೋಗ್ತಾರಂತೆ. ರಿವರ್ಸ್ ಈಗ ಹಾಕಿದ ಕೂಡ್ಲೇ ಹಿಡಿಯುತ್ತೆ, ಧಡಕ್ ಇಲ್ಲ. 2ರಿಂದ 3ಕ್ಕೆ ಜರ್ಕ್ ಬೆಳಗ್ಗೆ ಮೊದಲ ಸಿಗ್ನಲ್ ವರೆಗೆ ಒಂಚೂರು ಉಳಿದಿದೆ. ಎರಡನೇ ಸಲದ್ದು ದಸರಾಕ್ಕೆ ಘಾಟಿ ಇಳಿಯೋಕ್ಮುಂಚೆ ಮಾಡಿಸ್ತೀನಿ, ಎಷ್ಟು ಇಳೀತು, ಬಣ್ಣ ಹೇಗಿತ್ತು ಅಂತ ಇಲ್ಲೇ ಬರೀತೀನಿ.