ಖಾಜಿಗುಂಡ್ ಸ್ಟೇಷನ್ ಮಾಡೆಲ್‌ಗೆ ಹಿಮ ಹಾಕಬೇಕು, ಮಾಡಿದ ಅನುಭವ ಇದ್ದವರು ಹೇಳಿ

ಮೈಸೂರು ಯಾರ್ಡ್:
ಆರಡಿ ಉದ್ದ, ಎರಡಡಿ ಅಗಲದ ಪ್ಲೈವುಡ್ ಮೇಲೆ ಎಚ್‌ಒ ಲೇಔಟ್, ಅಂದ್ರೆ ನಿಜದ 87ನೇ ಒಂದು ಪಾಲಿನ ಅಳತೆಯ ಮಾಡೆಲ್ ರೈಲು. ಕಾಶ್ಮೀರದ ಖಾಜಿಗುಂಡ್ ಸ್ಟೇಷನ್, ಚಿಲ್ಲೈ ಕಲಾನ್ ಹೊತ್ತು, ಅಂದ್ರೆ ಡಿಸೆಂಬರ್ 21ರಿಂದ 40 ದಿನದ ಆ ಗಟ್ಟಿ ಚಳಿ. ಹಳಿ ಕೂರಿಸಿ, ಜಲ್ಲಿ ಅಂಟಿಸಿ, ಡೆಮು (ಡೀಸೆಲ್ ಲೋಕಲ್ ಗಾಡಿ) ಓಡಿಸಿ ನೋಡಿ ಆಗಿದೆ. ಹಿಮ ಒಂದೇ ಬಾಕಿ. ಅಡುಗೆ ಸೋಡಾ, ರಂಗೋಲಿ ಪುಡಿ, ಹೊರದೇಶದ ರೆಡಿಮೇಡ್ ಹಿಮ, ಮೂರರಲ್ಲಿ ಯಾವುದು? ಮೂರು ಸಾವಿರದೊಳಗೆ ಮುಗಿಯಬೇಕು.

ಕಡಲತಡಿ:
ಸೋಡಾ ಒಂದು ಬೇಡ ಮಾರಾಯ್ರೆ. ನಾನು ನವೆಂಬರಿನಲ್ಲಿ ಹಾಕಿದ್ದು. ಕ್ರಿಸ್ಮಸ್‌ಗೆ ಮನೆಗೆ ಬಂದವರು ಗೋದಲಿ ಬಿಟ್ಟು ಲೇಔಟ್ ಮುಂದೆ ನಿಂತಿದ್ದರು, ಅಷ್ಟು ಚಂದ ಇತ್ತು. ಜೂನ್ ಬಂತು. ನಮ್ಮೂರಿನ ಮಳೆಗಾಲದಲ್ಲಿ ಕಪಾಟಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಮೊದಲು ಹಿಮ ಗಟ್ಟಿಯಾಗಿ ಹಕ್ಕಳೆ ಎದ್ದಿತು, ಆಮೇಲೆ ಅಂಟು ಇದ್ದಲ್ಲೆಲ್ಲ ಹಳದಿ. ಆಗಸ್ಟಿನಲ್ಲಿ ನೋಡಿದರೆ ಹಳಿಯ ಪಕ್ಕೆಯೆಲ್ಲ ಹಸಿರು. ನಿಕಲ್ ಸಿಲ್ವರ್ ಅಂತ ಹೆಸರು ಮಾತ್ರ, ಅದರಲ್ಲಿ ಬೆಳ್ಳಿ ಇಲ್ಲ, ಹೆಚ್ಚಿನ ಪಾಲು ತಾಮ್ರವೇ. ಸಮುದ್ರದ ಗಾಳಿಗೆ ಸೋಡಾ ಸೇರಿದರೆ ಅದು ಉಳಿಯುವುದುಂಟಾ?

ಹಾಳಾದ್ದನ್ನು ಸರಿ ಮಾಡಿದ ಲೆಕ್ಕ ಬರೆದಿಟ್ಟಿದ್ದೇನೆ. ಫ್ಲೆಕ್ಸ್ ಹಳಿ (ಬಗ್ಗಿಸಬಹುದಾದ್ದು) ಒಂಬತ್ತು ಉದ್ದ, ಒಂದಕ್ಕೆ 850ರಂತೆ 7,650. ಗಾಡಿಯ ಹಳಿ ಬದಲಿಸುವ ಪಾಯಿಂಟ್ ಎರಡು, 4,800. ಪಾಯಿಂಟ್ ಮೋಟಾರ್ ಒಂದು, 1,600. ತೊಳೆಯಲು ಐಸೊಪ್ರೊಪೈಲ್ ಆಲ್ಕೊಹಾಲ್ ಐದು ಲೀಟರ್, 1,250. ಗೇರ್‌ಬಾಕ್ಸಿನೊಳಗೆ ಪುಡಿ ಹೋಗಿದ್ದ ಇಂಜಿನ್ ಬಿಚ್ಚಿ ತೊಳೆದು ಗ್ರೀಸ್ ಹಾಕಿಸಿದ್ದಕ್ಕೆ 1,100. ಒಟ್ಟು 16,400. ಸೋಡಾಕ್ಕೆ ಕೊಟ್ಟದ್ದು 90. ಸೋಡಾ ಹಾಕಿ ಅಂದ ಅಂಗಡಿಯವರಿಗೆ ಫೋಟೋ ಕಳಿಸಿದೆ, ಉತ್ತರ ಇಲ್ಲ.

ಹುಬ್ಬಳ್ಳಿ ಲೂಪ್‌ಲೈನ್:
ಸೋಡಾದ್ದು ಬಿಡ್ರಿ, ಮಾರ್ಬಲ್ ಪುಡಿ ತಗೋರಿ. ಆದ್ರ ಫರಶಿ ಕೊರಿಯೋ ಅಂಗಡ್ಯಾಗ ಪುಕ್ಕಟೆ ಸಿಗತೈತಿ ಅಂತ ಅಲ್ಲಿಂದ ತರಬ್ಯಾಡ್ರಿ. ಅದರಾಗ ಗ್ರಾನೈಟಿನ ಕರಿ ಕಣ, ಕೆಂಪು ಕಣ ಎಲ್ಲಾ ಕೂಡಿರತಾವ. ನಂದು ಒಂದಿಡೀ ಪ್ಲಾಟ್‌ಫಾರ್ಮ್ ಹಂಗ ಹಾಳಾತು, ಕೆರೆದು ತಗಿಯೂದ್ರಾಗ ಜಲ್ಲಿನೂ ಕಿತ್ತು ಬಂತು. ಆಮ್ಯಾಲೆ ಮೂರ್ತಿ ಮಾಡವ್ರ ಕಡೆ 25 ಕಿಲೋ ಚೀಲ ತಂದೆ, 350 ರೂಪಾಯಿ. ಇನ್ನೂ ಮುಕ್ಕಾಲು ಚೀಲ ಉಳದೈತಿ. ರಂಗೋಲಿ ಪುಡಿನೂ ನಡೀತೈತಿ, ಆದ್ರ ಒಂದೊಂದು ಅಂಗಡೀದು ಒಂದೊಂದು ಬಣ್ಣ, ಒಣಗಿದ ಮ್ಯಾಲೆ ಕೆಲವು ಬೂದಿ ಬಣ್ಣಕ್ಕ ತಿರಗತಾವ.

ಹಳೇ ಧೋತರದಾಗ ವಸ್ತ್ರಗಾಳ ಹಿಡೀರಿ. ನೆಲಕ್ಕ ಬಿಳೀ ಎಮಲ್ಷನ್ ಬಳೀರಿ, ಅದಕ್ಕ ನೀಲಿ ಸ್ಟೇನರ್ ಒಂದ ಹನಿ, ಹೆಚ್ಚ ಬ್ಯಾಡ. ಹಸಿ ಇದ್ದಾಗ ಚಹಾ ಸೋಸೂ ಜರಡಿಲೆ ಮ್ಯಾಲಿಂದನ ಉದುರಸ್ರಿ, ಬಾಜೂಲಿಂದ ಎರಚಬ್ಯಾಡ್ರಿ. ಆಕಾಶದಿಂದ ಬಿದ್ದದ್ದು ಹೆಂಗ ಕೂಡತೈತೋ ಹಂಗ ಕೂಡಬೇಕು. ಮುಂದ ನೀರಿಗೆ ಪಾತ್ರೆ ತೊಳಿಯೋ ಲಿಕ್ವಿಡ್ ಒಂದ ಹನಿ, ಮ್ಯಾಟ್ ಮೀಡಿಯಮ್ (ಹೊಳಪಿಲ್ಲದ ಅಕ್ರಿಲಿಕ್ ಅಂಟು) ಒಂದಕ್ಕ ನಾಕು ಪಾಲು ಆ ನೀರು, ಮಂಜಿನಂಗ ಸ್ಪ್ರೇ. ಬರೇ ಫೆವಿಕಾಲ್ ನೀರು ಹೊಡದ್ರ ಪುಡಿ ಮಬ್ಬಾಗತೈತಿ. ಅದಕ್ಕ ನಾ ಟೈಟಾನಿಯಂ ವೈಟ್ ಅಕ್ರಿಲಿಕ್ ಕೂಡಸ್ತೀನಿ. ನಮ್ಮ ಅಪ್ಪ ಗ್ಯಾಂಗ್‌ಮನ್ ಇದ್ದವ್ರು, ಲೇಔಟ್ ನೋಡಿ ಮೊದಲ ಕೇಳಿದ್ದು ‘ಪಾಯಿಂಟಿನ ನಾಲಗಿ ಯಾಕ ಮುಚ್ಚೀ?’ ಅಂತ. ಹಿಮ ಬಿದ್ದ ಊರಾಗ ಮೊದಲ ಸ್ವಚ್ಛ ಮಾಡೂದ ಅದನ್ನ. ನಿಮ್ಮ ಮಾಡೆಲ್‌ನಾಗೂ ಅಲ್ಲಿ ಪುಡಿ ಇರಬಾರದು.

ಮಿನಿಯಾಪೊಲಿಸ್ ಕನ್ನಡಿಗ:
ಮಾರ್ಬಲ್ ಪುಡಿ ಹಾಕಿದ ಲೇಔಟ್ ಎಷ್ಟೋ ನೋಡಿದ್ದೀನಿ, ಎಲ್ಲಾ ಸುಣ್ಣ ಚೆಲ್ಲಿದ ಹಾಗೇ ಇರುತ್ತೆ. ಬೇಜಾರು ಮಾಡ್ಕೋಬೇಡಿ, ಇಲ್ಲಿ ನವೆಂಬರಿಂದ ಮಾರ್ಚ್‌ವರೆಗೆ ಸಲಿಕೆ ಹಿಡಿದು ಮನೆ ಮುಂದಿನ ಹಿಮ ತೆಗೆಯೋನು ನಾನು. ಹಿಮದ ಮೇಲ್ಮೈ ಒಳಗೆ ಬೆಳಕು ಸ್ವಲ್ಪ ಇಳಿದು ಹೊರಗೆ ಬರುತ್ತೆ, ಕಲ್ಲಿನ ಪುಡಿಯಲ್ಲಿ ಅದು ಅಷ್ಟಾಗಿ ಕಾಣಲ್ಲ. ನಾನು ಬಳಸೋದು ಗ್ಲಾಸ್ ಮೈಕ್ರೋಬಲೂನ್, ಅಂದ್ರೆ ಟೊಳ್ಳಾದ ಪುಟ್ಟ ಪುಟ್ಟ ಗಾಜಿನ ಗುಂಡುಗಳ ಪುಡಿ. ಫೈಬರ್‌ಗ್ಲಾಸ್, ರೆಸಿನ್ ಮಾರೋರ ಹತ್ತಿರ ಸಿಗುತ್ತೆ. ಪಿವಿಎ ಅಂಟು (ಫೆವಿಕಾಲ್ ತರದ್ದು), ಬಿಳಿ ಅಕ್ರಿಲಿಕ್ ಜೊತೆ ಕಲಸಿ ಗಟ್ಟಿ ಪೇಸ್ಟ್ ಮಾಡಿ ಬ್ರಶ್ಶಲ್ಲಿ ಒತ್ತಿ. ದಿಬ್ಬ, ಛಾವಣಿ ಅಂಚಿನ ಜೋಲು, ಹೆಜ್ಜೆ ಗುರುತು ಎಲ್ಲಾ ನಿಲ್ಲುತ್ತೆ. ಕಲಸುವಾಗ ಎನ್95 ಮಾಸ್ಕ್ ಕಡ್ಡಾಯ, ಅದು ಗಾಳಿಯಲ್ಲಿ ತೇಲೋ ಗಾಜು.

ನನ್ನದು ಕ್ಯಾಲಿಫೋರ್ನಿಯಾದ ಡೋನರ್ ಪಾಸ್. 1952ರ ಜನವರಿ 13ರಂದು ‘ಸಿಟಿ ಆಫ್ ಸ್ಯಾನ್ ಫ್ರಾನ್ಸಿಸ್ಕೊ’ ಗಾಡಿ 226 ಜನರ ಸಮೇತ ಹಿಮದಲ್ಲಿ ಸಿಕ್ಕಿಕೊಂಡ ಜಾಗ. ಜನರನ್ನ ಇಳಿಸೋಕೆ ಮೂರು ದಿನ ಬೇಕಾಯ್ತು. ಇಂಜಿನ್ ಮುಳುಗೋ ಅಷ್ಟು ಹಿಮ ಮಾಡಬೇಕಿತ್ತು. ಒಂದೇ ಸಲ ದಪ್ಪ ಬಳಿದರೆ ಒಣಗುವಾಗ ಬಿರುಕು ಬಿಡುತ್ತೆ, ಹಾಗೆ ಬಿಟ್ಟ ಒಂದು ಇಳಿಜಾರನ್ನ ಪೂರ್ತಿ ಗರಗಸದಲ್ಲಿ ಕೊಯ್ದು ಎಸೆದೆ. ಅಂಟು, ಬಣ್ಣ, ಫೋಮ್ ಸೇರಿ 140 ಡಾಲರ್ ಹೋಯ್ತು. ಈಗ ಕೆಳಗೆ ಫೋಮ್ ಕೆತ್ತಿ ಆಕಾರ ಮಾಡಿ, ಮೇಲೆ ಎರಡು ಮಿಲಿಮೀಟರ್ ಅಷ್ಟೇ ಪೇಸ್ಟ್. ಹಿಮ ನೋಡದೇ ಇರೋರು ಹಿಮ ಮಾಡೋದು ಕಷ್ಟ.

ಹುಬ್ಬಳ್ಳಿ ಲೂಪ್‌ಲೈನ್:
ಕಡೀ ಮಾತು ಯಾಕ ಬೇಕಿತ್ರೀ? ಹಿಮ ನೋಡದವ್ರು ಮಾಡಬಾರದು ಅಂದ್ರ ನೀವು 1952ರಾಗ ಡೋನರ್ ಪಾಸ್‌ನಾಗ ನಿಂತಿದ್ರೇನು? ಫೋಟೋ ನೋಡೇ ಮಾಡೀರಿ, ನಾನೂ ಫೋಟೋ ನೋಡೇ ಮಾಡೀನಿ. 350 ರೂಪಾಯಿದಾಗ.

ಮಿನಿಯಾಪೊಲಿಸ್ ಕನ್ನಡಿಗ:
ದುಡ್ಡಿನ ಮಾತಲ್ಲ ಇದು, ಕಾಣೋ ರೀತಿಯ ಮಾತು. ನಿಮ್ಮ ಸುಣ್ಣದ ಮೇಲೆ ಹತ್ತಿರದಿಂದ ಟಾರ್ಚ್ ಬಿಟ್ಟು ನೋಡಿ.

ತಾರಾದೇವಿ:
ಟಾರ್ಚ್ ಬಿಡಿ, ಮೇಲಿನ ದೀಪ ಯಾವುದು ಅಂತ ಒಬ್ಬರೂ ಕೇಳಿಲ್ಲ. ನಾನು ಕಾಲ್ಕಾ–ಶಿಮ್ಲಾ ಮಾರ್ಗದ ಚಿಕ್ಕ ತುಣುಕು ಮಾಡಿದ್ದೀನಿ. ರೆಡಿಮೇಡ್ ಹಿಮವೇ ಹಾಕಿದ್ದು, ವುಡ್‌ಲ್ಯಾಂಡ್ ಸೀನಿಕ್ಸ್‌ನ ಸಾಫ್ಟ್ ಫ್ಲೇಕ್. ಕೊರಿಯರ್, ಕಸ್ಟಮ್ಸ್ ಎಲ್ಲಾ ಸೇರಿ ನನಗೆ 2,350 ಬಿತ್ತು, ಮನೇಲಿ ಇವತ್ತಿಗೂ ಆ ಮಾತು ಬರುತ್ತೆ. ಹಾಕಿದ ಮೇಲೆ ನೋಡಿದರೆ ಎಲ್ಲಾ ಬೆಣ್ಣೆ ಬಣ್ಣ! ಅಂಟಿಂದ ಹೀಗಾಯ್ತು ಅಂತ ಅರ್ಧ ಕಿತ್ತೆ. ಕಾರಣ ಕೋಣೆಯ ಹಳದಿ ಛಾಯೆಯ ವಾರ್ಮ್ ವೈಟ್ ಬಲ್ಬ್. 6500 ಕೆಲ್ವಿನ್, ಅಂದ್ರೆ ಹಗಲಿನಂಥ ಬಿಳಿ ಬೆಳಕಿನ ಎಲ್‌ಇಡಿ ಪಟ್ಟಿ ಹಾಕಿದೆ, 480 ರೂಪಾಯಿ, ಅದೇ ಹಿಮ ಬೆಳ್ಳಗಾಯ್ತು. ನಿಜವಾದ ಹಿಮದಲ್ಲಿ ನೆರಳು ನೀಲಿ ಕಾಣೋದು ಆ ಜಾಗಕ್ಕೆ ಆಕಾಶದ ಬೆಳಕು ಮಾತ್ರ ತಲುಪೋದರಿಂದ. ಆ ನೀಲಿಯನ್ನ ಗುಂಡಿಗಳಲ್ಲಿ ಏರ್‌ಬ್ರಶ್ಶಿಂದ ತೆಳ್ಳಗೆ ಬಿಟ್ಟರೆ ಪುಡಿ ಯಾವುದಾದ್ರೂ ನಡೆಯುತ್ತೆ ಅನ್ನೋದು ನನ್ನ ಅಭಿಪ್ರಾಯ.

ಇನ್ನೊಂದು ಮಾತು. ನನ್ನ ಮಾರ್ಗದ ಗೇಜ್, ಅಂದ್ರೆ ಎರಡು ಹಳಿ ನಡುವಿನ ಅಂತರ, 762 ಮಿಮೀ, 87ರಿಂದ ಭಾಗಿಸಿದ್ರೆ 8.76. ಎನ್ ಅನ್ನೋ ಚಿಕ್ಕ ಅಳತೆಯ ಮಾಡೆಲ್ ಹಳಿ 9 ಮಿಮೀ, ಹೆಚ್ಚುಕಮ್ಮಿ ಸರಿ. ಖಾಜಿಗುಂಡ್ ಬ್ರಾಡ್‌ಗೇಜ್, 1676. ಎಚ್‌ಒ ಹಳಿ 16.5. ನೀವು ಹಾಕಿರೋದು ಸ್ಟ್ಯಾಂಡರ್ಡ್ ಗೇಜ್, 1435. ಬರಬೇಕಾದ್ದು 19.26.

ಮೈಸೂರು ಯಾರ್ಡ್:
ಮೇಡಂ, ಹಳಿ ಆಗಲೇ ಅಂಟಿಸಿ ಆಗಿದೆ. ನಾನು ಕೇಳಿದ್ದು ಹಿಮ.

ಕಡಲತಡಿ:
2.76 ಮಿಮೀಗೆ ಯಾರು ಸ್ಕೇಲ್ ಹಿಡಿದು ಬರುತ್ತಾರೆ? ಇಲ್ಲಿ ಎಲ್ಲರೂ 16.5ರ ಮೇಲೇ ಭಾರತೀಯ ಗಾಡಿ ಓಡಿಸುವುದು.

ತಾರಾದೇವಿ:
ಎಲ್ಲರೂ ಮಾಡ್ತಾರೆ ಅಂದ್ರೆ ಸರಿ ಆಗಿಬಿಡುತ್ತಾ ಸಾರ್? ನಿಜದಲ್ಲಿ ಅದು 241 ಮಿಮೀ, ಒಂದು ಗೇಣಿಗಿಂತ ಹೆಚ್ಚು. ಎದುರಿಂದ ನೋಡಿದರೆ ಬೋಗಿ ಕೆಳಗೆ ಚಕ್ರ ಒಳಕ್ಕೆ ಸೇರಿಕೊಂಡಿರೋದು ನನಗಂತೂ ಕಣ್ಣಿಗೆ ಹೊಡೆಯುತ್ತೆ. ಹಿಮ ಹಾಕಿದ ಮೇಲೆ ಇನ್ನೂ ಹೆಚ್ಚು, ಬಿಳಿ ನೆಲದ ಮೇಲೆ ಎರಡು ಕಪ್ಪು ಗೆರೆ ಮಾತ್ರ ಉಳಿಯೋದಲ್ವಾ.

ಹುಬ್ಬಳ್ಳಿ ಲೂಪ್‌ಲೈನ್:
ಅದಕ್ಕ ಹಳಿ ಹೊರಗಿನ ಬಾಜೂಕ ಹಿಮ ಏರಿಸಿ ಹಾಕ್ರಿ, ಅಂತರ ಕಾಣಂಗಿಲ್ಲ. ಒಳಗಿನ ಬಾಜೂಕ ಚಕ್ರದ ಅಂಚು ಹಾಯೂ ಜಾಗ ಬಿಡ್ರಿ. ಪುಡಿ ಹಸಿ ಇದ್ದಾಗ ಹಳೇ ವ್ಯಾಗನ್ ಒಂದು ದೂಡ್ರಿ, ತಾನ ಕೊರಕೊಂಡು ಹೊಕ್ಕೈತಿ. ಹಳಿ ತಲೀ ಮ್ಯಾಲೆ ಮೊದಲ ಮಾಸ್ಕಿಂಗ್ ಟೇಪ್.

ಮಿನಿಯಾಪೊಲಿಸ್ ಕನ್ನಡಿಗ:
ಈ ಮಾತು ಒಪ್ತೀನಿ. ಹಳಿ ನಡುವಿನ ಹಿಮ ಅಪ್ಪಟ ಬಿಳಿ ಇಡಬೇಡಿ. ಬ್ರೇಕ್ ಧೂಳು, ಡೀಸೆಲ್ ಮಸಿ ಬಿದ್ದು ಕಂದು ಆಗಿರುತ್ತೆ. ಮರಗಳೂ ನೋಡ್ಕೊಳ್ಳಿ, ಖಾಜಿಗುಂಡ್‌ಗೆ ಬಾಟಲ್ ತೊಳೆಯೋ ಬ್ರಶ್ ತರದ ಮಾಡೆಲ್ ಪೈನ್ ಮರ ನೆಡಬೇಡಿ. ಅಲ್ಲಿ ಎಲೆ ಉದುರಿದ ಪಾಪ್ಲರ್, ಕ್ರಿಕೆಟ್ ಬ್ಯಾಟ್ ಮಾಡೋ ವಿಲೋ. ದೇವದಾರು ಶಿಮ್ಲಾ ಕಡೆಯವರಿಗೆ.

ತಾರಾದೇವಿ:
ಯಾವ ವರ್ಷ ಅಂತ ಮೊದಲು ಹೇಳಲಿ ಅವರು. ಬನಿಹಾಲ್–ಖಾಜಿಗುಂಡ್ ಸುರಂಗ, 11 ಕಿಲೋಮೀಟರ್‌ದು, ಅದರಲ್ಲಿ ಗಾಡಿ ಓಡೋಕೆ ಶುರುವಾಗಿದ್ದು 2013ರ ಜೂನ್. 2022ರಲ್ಲಿ ಆ ಮಾರ್ಗಕ್ಕೆ ವಿದ್ಯುತ್ ತಂತಿ ಬಂತು. ಆಮೇಲಿನ ಚಳಿಗಾಲ ಅಂದ್ರೆ ಕಂಬ, ತಂತಿ ಎಲ್ಲಾ ಬೇಕು.

ಮೈಸೂರು ಯಾರ್ಡ್:
2018 ಅಂತ ಇಟ್ಕೊಳ್ತೀನಿ, ಕಂಬ ಇಲ್ಲ. ಮಾರ್ಬಲ್ ಪುಡಿ ಒಂದು ಕಿಲೋ ಸಾಕಾಗುತ್ತಾ? ತಗಡಿನ ಛಾವಣಿಗೂ ಅದೇನಾ?

ಹುಬ್ಬಳ್ಳಿ ಲೂಪ್‌ಲೈನ್:
ಎರಡು ಕಿಲೋ ಇಟಗೋರಿ. ಛಾವಣಿಗೂ ಅದ. ಮೊದಲ ಪ್ಲೈವುಡ್ ತುಂಡಿನ ಮ್ಯಾಲೆ ಹಾಕಿ ಒಂದ ವಾರ ಬಿಡ್ರಿ, ಮಬ್ಬಾದ್ರ ಗೊತ್ತಾಗತೈತಿ.

ಮಿನಿಯಾಪೊಲಿಸ್ ಕನ್ನಡಿಗ:
ಛಾವಣಿಗೆ ಮಾತ್ರ ಪುಡಿ ಬೇಡ, ಇಳಿಜಾರು ತಗಡಿನ ಅಂಚಲ್ಲಿ ಹಿಮ ಜಾರಿ ದಪ್ಪಗೆ ಜೋತು ಬಿದ್ದಿರುತ್ತೆ. ಪುಡಿ ಆ ಜೋಲು ಹಿಡಿಯಲ್ಲ, ಪೇಸ್ಟೇ ಬೇಕು. ನೂರು ಗ್ರಾಂ ಮೈಕ್ರೋಬಲೂನ್ ತಗೊಳ್ಳಿ, ಮಾಸ್ಕ್ ಸಮೇತ.

ಹುಬ್ಬಳ್ಳಿ ಲೂಪ್‌ಲೈನ್:
ಮಾರ್ಬಲ್ ಪುಡಿನೂ ಫೆವಿಕಾಲ್‌ದಾಗ ಕಲಸಿದ್ರ ಪೇಸ್ಟ್ ಆಗತೈತಿ! ನಾಳೆ ನನ್ನ ಗುಡ್ಸ್ ಶೆಡ್ಡಿನ ಛಾವಣಿ ಫೋಟೋ ಹಾಕ್ತೀನಿ, ಜೋಲು ಐತೋ ಇಲ್ಲೋ ನೋಡ್ರಿ.