ನಾಲ್ಕಡಿ ಸಿಕ್ಲಿಡ್ ಟ್ಯಾಂಕ್‌ಗೆ ಯಾವ ಫಿಲ್ಟರ್?

ಪ್ರಶ್ನೆ: ಊರು ಚಿಕ್ಕಮಗಳೂರು. ಟ್ಯಾಂಕ್ 4 ಅಡಿ ಉದ್ದ, ಅಗಲ-ಎತ್ತರ ಒಂದೂವರೆ ಅಡಿ. ಮಲಾವಿ ಸರೋವರದ ಎಂಬೂನಾ (ಒಂದು ಬಗೆಯ ಸಿಕ್ಲಿಡ್ ಮೀನು) 15 ಬಿಡೋ ಯೋಚನೆ. ಕ್ಯಾನಿಸ್ಟರ್ (ಟ್ಯಾಂಕಿನ ಹೊರಗಿಡೋ ಮುಚ್ಚಿದ ಡಬ್ಬದ ಫಿಲ್ಟರ್) ಒಂದೇ ಸಾಕಾ? ಮಳೆಗಾಲದಲ್ಲಿ ಇಲ್ಲಿನ ಕರೆಂಟ್ ಕಥೆ ಗೊತ್ತಲ್ಲ.

ಉತ್ತರ 1: ಲೆಕ್ಕಕ್ಕೆ 255 ಲೀಟರ್, ಕಲ್ಲು, ಮರಳು ಕಳೆದ್ರೆ 220 ಅಂತಿಟ್ಕೊಳ್ಳಿ. ಎಂಬೂನಾ ಗಲೀಜು ಜಾಸ್ತಿ, ಗಂಟೆಗೆ 6–8 ಸಲ ನೀರು ತಿರುಗಬೇಕು. ಡಬ್ಬದ ಮೇಲಿನ ಅಂಕಿ ಖಾಲಿ ಫಿಲ್ಟರಿನದ್ದು. ಮೀಡಿಯಾ (ಒಳಗೆ ತುಂಬೋ ಸ್ಪಂಜು, ರಿಂಗ್, ಹತ್ತಿ) ತುಂಬಿದ ಮೇಲೆ ಹರಿವು ಚೆನ್ನಾಗೇ ಇಳಿಯುತ್ತೆ. ಹಾಗಾಗಿ ಗಂಟೆಗೆ 2000 ಲೀಟರಿನದ್ದೇ ತಗೊಳ್ಳಿ. ನೀರು ಕೆಳಗಿಂದ ಮೇಲೇರುವ ಮಾದರಿಯಾದ್ರೆ ತಳದಲ್ಲಿ ದಪ್ಪ ಸ್ಪಂಜು, ನಡುವೆ ಸೆರಾಮಿಕ್ ರಿಂಗ್, ಮೇಲೆ ತೆಳು ಫಿಲ್ಟರ್ ಹತ್ತಿ. ಹತ್ತಿಯನ್ನ ಕೆಳಗಿಟ್ರೆ ವಾರದಲ್ಲೇ ಕಟ್ಟಿಕೊಳ್ಳುತ್ತೆ.

ಉತ್ತರ 2: ಒಂದನ್ನೇ ನಂಬಬೇಡಿ ಸಾರ್. ಕರೆಂಟ್ ಗಂಟೆಗಟ್ಟಲೆ ಹೋದ್ರೆ ಮುಚ್ಚಿದ ಕ್ಯಾನಿಸ್ಟರ್ ಒಳಗೆ ಆಮ್ಲಜನಕ ಮುಗಿದು, ಮೀನಿನ ಗಲೀಜಿನ ಅಮೋನಿಯಾ ತೆಗೆಯೋ ಬ್ಯಾಕ್ಟೀರಿಯಾ ಸಾಯುತ್ತೆ. ಕರೆಂಟ್ ಬಂತು ಅಂತ ಹಾಗೇ ಆನ್ ಆದ್ರೆ ಆ ಕೊಳೆತ ನೀರೆಲ್ಲ ಟ್ಯಾಂಕಿಗೆ. ಮುಚ್ಚಳ ತೆಗೆದು ಮೂಸಿ ನೋಡಿ; ಕೊಳೆತ ಮೊಟ್ಟೆ ವಾಸನೆ ಇದ್ರೆ ನೀರು ಚೆಲ್ಲಿ, ಮೀಡಿಯಾ ಟ್ಯಾಂಕ್ ನೀರಲ್ಲೇ ಜಾಲಿಸಿ. ಜೊತೆಗೆ ಬ್ಯಾಟರಿ ಏರ್‌ಪಂಪಿಗೆ ಒಂದು ಸ್ಪಂಜ್ ಫಿಲ್ಟರ್. ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ರೆ ಪೈಪಿಗೆ ಚೆಕ್ ವಾಲ್ವ್ ಹಾಕಿ, ಇಲ್ದಿದ್ರೆ ನೀರು ಹಿಂದಕ್ಕೆ ಹರಿದು ನೆಲವೆಲ್ಲ ಒದ್ದೆ.

ಕೇಳಿದವರು: ನಲ್ಲಿ ನೀರಲ್ಲಿ ಜಾಲಿಸಬಾರದಾ?

ಉತ್ತರ 1: ಬೇಡ, ಕ್ಲೋರಿನ್ ಇರುತ್ತೆ, ಆ ಬ್ಯಾಕ್ಟೀರಿಯಾ ಸಾಯುತ್ತೆ. ಮತ್ತೆ, 15 ಮೀನನ್ನೂ ಫಿಲ್ಟರ್ ಹಾಕಿದ ದಿನವೇ ಬಿಡಬೇಡಿ. ಬ್ಯಾಕ್ಟೀರಿಯಾ ಬೆಳೆಯೋಕೆ, ಮೀನಿಲ್ಲದ ಟ್ಯಾಂಕ್ ನೀರಿಗೆ ಚೂರು ಅಮೋನಿಯಾ ಹಾಕಿ ಫಿಲ್ಟರ್ ಓಡಿಸಿ. ಅಮೋನಿಯಾ, ಅದರಿಂದಾಗೋ ನೈಟ್ರೈಟ್ ಎರಡೂ ಸೊನ್ನೆಗೆ ಬರೋಕೆ ಸಾಮಾನ್ಯವಾಗಿ 4–6 ವಾರ. ಚಳಿಗೆ ಇನ್ನೂ ನಿಧಾನ, ಹೀಟರ್ 26 ಡಿಗ್ರಿಗಿಡಿ.