ಡೌನ್‌ಲೋಡ್ ಮಾಡಿದ ಪ್ಯಾಟರ್ನ್‌ನಲ್ಲಿ ಹೊಲಿದ ಫ್ರಾಕ್ ಬಿಗಿ ಬಂದಿದೆ. ತಪ್ಪು ಎಲ್ಲಿ?

ಹೊಸ ಸೂಜಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಅಳು ಬರೋದೊಂದು ಬಾಕಿ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನನ್ನ ಹೊಲಿಗೆ ಅನುಭವ ಅಂದರೆ ದಿಂಬಿನ ಕವರು, ಸೀರೆಯ ಒಳಲಂಗ, ಅಣ್ಣನ ಮಗಳಿಗೊಂದು ಜಬಲ. ಮಷೀನು ಅಮ್ಮನದು, ಕಾಲಲ್ಲಿ ತುಳಿಯುವ ಉಷಾ. ಈ ಸಲ ಧೈರ್ಯ ಮಾಡಿ ಒಂದು ಎ-ಲೈನ್ ಫ್ರಾಕಿನ ಪ್ಯಾಟರ್ನ್, ಅಂದರೆ ಬಟ್ಟೆ ಮೇಲಿಟ್ಟು ಕತ್ತರಿಸುವ ಅಳತೆ ಕಾಗದ, ಇಳಿಸಿಕೊಂಡೆ. ಅಮೆರಿಕದ ಸೈಟಿನದು, ಪುಕ್ಕಟೆ. ಮುಕ್ಕಾಲು ತೋಳು, ಜಿಪ್ ಇಲ್ಲ, ತಲೆಯಿಂದ ಹಾಕಿಕೊಳ್ಳುವಂಥದ್ದು. ಎರಡೂ ಪಕ್ಕ ಜೇಬು. ನಿಜ ಹೇಳಬೇಕೆಂದರೆ ಆ ಜೇಬು ನೋಡಿಯೇ ಬಿದ್ದೆ.

ಪಿಡಿಎಫ್‌ನಲ್ಲಿ 32 ಪುಟ. ವಾಟ್ಸಾಪ್‌ನಲ್ಲಿ ಜೆರಾಕ್ಸ್ ಅಂಗಡಿಗೆ ಕಳಿಸಿದೆ, ಅವರು ಪ್ರಿಂಟ್ ತೆಗೆದುಕೊಟ್ಟರು. ಭಾನುವಾರ ಪೂರ್ತಿ ಹಾಲ್‌ನಲ್ಲಿ ಕೂತು ಅಂಟಿಸಿದ್ದೇ ಅಂಟಿಸಿದ್ದು. ಫ್ಯಾನ್ ಹಾಕುವ ಹಾಗಿಲ್ಲ, ಹಾಕಿದರೆ ಹಾಳೆ ಹಾರುತ್ತವೆ. ಗೆರೆಗೆ ಗೆರೆ ಸರಿಯಾಗಿ ಕೂತವು. ಬಟ್ಟೆ ನೀಲಿ ಅಜ್ರಕ್ ಕಾಟನ್, 44 ಇಂಚು ಪನ್ನ (ಅಗಲ), ಮೂರು ಮೀಟರ್, ಚಿಕ್ಕಪೇಟೆಯಿಂದ ಚಿಕ್ಕಮ್ಮ ತಂದುಕೊಟ್ಟದ್ದು. ಕತ್ತರಿಸುವ ಮೊದಲು ಅಮ್ಮ ಉಪ್ಪು ನೀರಲ್ಲಿ ರಾತ್ರಿಯಿಡೀ ನೆನೆಹಾಕಿಸಿದರು.

ನನ್ನ ಎದೆ ಸುತ್ತಳತೆ 36. ಅಂಗಡಿಯ ಎಂ, ಎಲ್ ನೋಡದೆ ಅವರ ಚಾರ್ಟ್ ನೋಡಿಯೇ ಸೈಜ್ ಆರಿಸಿದೆ. ಹೊಲಿದು ಮುಗಿದ ಮೇಲೆ ಫ್ರಾಕ್ 40 ಇಂಚು ಬರಬೇಕು ಅಂತ ಅದರಲ್ಲೇ ಇತ್ತು. ನನ್ನದು 37.5 ಬಂದಿದೆ. ಉದ್ದ 42 ಬರಬೇಕಾದದ್ದು 39.5. ಹಾಕಿಕೊಳ್ಳುವಾಗ ಕುತ್ತಿಗೆಯಲ್ಲಿ ಕಿವಿಯೋಲೆ ಸಿಕ್ಕಿಕೊಳ್ಳುತ್ತೆ. ಕೈ ಮೇಲೆತ್ತಿದರೆ ಇಡೀ ಫ್ರಾಕೇ ಮೇಲೆ ಬರುತ್ತೆ.

ಆ ದೇಶದವರ ಮೈಕಟ್ಟು ಬೇರೆ, ಅವರ ಪ್ಯಾಟರ್ನ್ ನಮಗೆ ಆಗಲ್ಲ ಅಂತ ಚಿಕ್ಕಮ್ಮ ಹೇಳುತ್ತಿದ್ದಾರೆ. ಹೌದಾ? ಇದನ್ನು ಉಳಿಸೋಕೆ ದಾರಿ ಇದೆಯಾ, ಇಲ್ಲಾ ಒರೆಸೋ ಬಟ್ಟೆ ಮಾಡಲಾ?

ಟೈಲರಿಂಗ್ ಟೀಚರ್, ಮೈಸೂರು

ಒರೆಸೋ ಬಟ್ಟೆ ಮಾಡಬೇಡ ಕಣಮ್ಮ. ಸ್ವಲ್ಪ ತಾಳು.

ಮೈಕಟ್ಟಿನ ಮಾತು ಆಮೇಲೆ. ಮೊದಲು ಲೆಕ್ಕ ನೋಡು. ಹೊಲಿಗೆಯಲ್ಲಿ ಮಾರ್ಜಿನ್, ಅಂದರೆ ಹೊಲಿಗೆಯಾಚೆ ಬಿಡುವ ಅಂಚು, ಜಾಸ್ತಿ ಹಿಡಿದಿದ್ದರೆ ಸುತ್ತಳತೆ ಕಮ್ಮಿಯಾಗುತ್ತಿತ್ತು, ಉದ್ದ ಎರಡೂವರೆ ಇಂಚು ಹೋಗುತ್ತಿರಲಿಲ್ಲ. ಬಟ್ಟೆ ಕುಗ್ಗಿತು ಅನ್ನೋಣ ಅಂದರೆ ಅಮ್ಮ ನೆನೆಹಾಕಿಸಿದ್ದಾರೆ, ಅವರಿಗೊಂದು ನಮಸ್ಕಾರ. ಕಾಟನ್ ಕುಗ್ಗುವುದೂ ಹೆಚ್ಚಾಗಿ ಉದ್ದದ ಕಡೆಗೆ, ಅಗಲಕ್ಕೆ ಅಷ್ಟಿಲ್ಲ. ನಿನ್ನದು ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಕಮ್ಮಿಯಾಗಿದೆ. 40ಕ್ಕೆ 37.5, 42ಕ್ಕೆ 39.5. ನೂರಕ್ಕೆ ಆರು ಭಾಗ ಹೋಯಿತು. ಕುತ್ತಿಗೆಯೂ ಅದೇ ಲೆಕ್ಕದಲ್ಲಿ ಸಣ್ಣದಾಗಿದೆ.

ಅಂದರೆ ಕಾಗದವೇ ಚಿಕ್ಕದು. ಮೊದಲ ಪುಟದಲ್ಲೋ ಎರಡನೆಯದರಲ್ಲೋ ಒಂದು ಚೌಕ ಇರುತ್ತೆ, ಪಕ್ಕದಲ್ಲಿ ಅಳತೆ ಬರೆದಿರುತ್ತಾರೆ. ಸ್ಕೇಲ್ ಇಟ್ಟು ಅಳೆದು ಹೇಳು. ಟೇಪ್ ಬೇಡ, ಹಳೇ ಟೇಪು ಹಿಗ್ಗಿರುತ್ತೆ.

ಹೊಸ ಸೂಜಿ, ದಾವಣಗೆರೆ

ಟೀಚರ್, ಚೌಕ ಇದೆ!! 10 ಸೆಂ.ಮೀ. ಅಂತ ಬರೆದಿದೆ. ಅಳೆದರೆ 9.4. ಅಣ್ಣನ ಮಗಳ ಜಾಮಿಟ್ರಿ ಬಾಕ್ಸಿನ ಸ್ಕೇಲಲ್ಲಿ ಮೂರು ಸಲ ಅಳೆದೆ.

ಆದರೆ ಗೆರೆಗಳೆಲ್ಲ ಸರಿಯಾಗಿ ಕೂಡಿದವಲ್ಲ?

ಪ್ಲಾಟರ್ ಅಂಗಡಿ, ಹುಬ್ಬಳ್ಳಿ

ಕೂಡೇ ಕೂಡುತ್ತವೆ ಅಕ್ಕಾ. ಎಲ್ಲ ಪುಟವೂ ಒಂದೇ ಸಮ ಸಣ್ಣದಾದರೆ ಗೆರೆ ತಪ್ಪಲ್ಲ. ಅದಕ್ಕೇ ಯಾರಿಗೂ ಗೊತ್ತಾಗಲ್ಲ.

ನಾನು ಬಟ್ಟೆ ಹೊಲಿಯುವವನಲ್ಲ, ಮನೆ ಪ್ಲಾನ್ ಪ್ರಿಂಟ್ ತೆಗೆಯುವವನು. ಈ ರೋಗ ನಮ್ಮಲ್ಲೂ ಇದೆ. ಅಮೆರಿಕದ ಹಾಳೆ ಲೆಟರ್ ಸೈಜು, ಅಗಲ 216 ಮಿ.ಮೀ. ನಮ್ಮ ಎ4 ಅಗಲ 210. ಅಂಗಡಿಯಲ್ಲಿ ಪ್ರಿಂಟ್ ಕೊಟ್ಟಾಗ ಫಿಟ್ ಅಂತ ಒಂದು ಆಯ್ಕೆ ತಾನಾಗೇ ಬಂದಿರುತ್ತೆ. ಅದು ದೊಡ್ಡ ಪುಟವನ್ನು ಚಿಕ್ಕ ಹಾಳೆಗೆ ಕುಗ್ಗಿಸುತ್ತೆ. ಸುತ್ತ ಪ್ರಿಂಟರ್ ಬಿಡುವ ಖಾಲಿ ಜಾಗವೂ ಸೇರಿದರೆ ನಿಮ್ಮ 94 ಪರ್ಸೆಂಟ್ ಸರಿಯಾಗಿ ಬಂತು ನೋಡಿ. ಮದುವೆ ಕಾರ್ಡಿಗೋ ಆಧಾರ್ ಪ್ರತಿಗೋ ಇದರಿಂದ ನಷ್ಟವಿಲ್ಲ. ಅಳತೆ ಇರುವ ಕಾಗದಕ್ಕೆ ಮಾತ್ರ ಪೆಟ್ಟು.

ಮುಂದಿನ ಸಲ ಆಕ್ಚುವಲ್ ಸೈಜ್, ಇಲ್ಲವೇ ಸ್ಕೇಲ್ 100 ಅಂತ ಹೇಳಿ ತೆಗೆಸಿ. ಚೌಕ ಇರುವ ಪುಟ ಒಂದನ್ನೇ ಮೊದಲು ತೆಗೆಸಿ, ಕೌಂಟರಲ್ಲೇ ನಿಂತು ಅಳೆಯಿರಿ. ಅಂಗಡಿಯವನು ಗೊಣಗಲಿ, ಗೊಣಗಿದರೆ ನಿಮಗೇನು. ಸೈಟಿನಲ್ಲಿ ಎ4 ಫೈಲ್ ಬೇರೆ ಇದ್ದರೆ ಅದನ್ನೇ ಇಳಿಸಿಕೊಳ್ಳಿ.

ಇನ್ನೊಂದು ಮಾತು. ಎಷ್ಟೋ ಪ್ಯಾಟರ್ನ್‌ಗಳ ಜೊತೆ ಎ0 ಫೈಲೂ ಕೊಟ್ಟಿರುತ್ತಾರೆ. ಒಂದು ಎ0 ಹಾಳೆ ಅಂದರೆ 16 ಎ4. ನಿಮ್ಮ 32 ಪುಟ ಎರಡೇ ಹಾಳೆಯಲ್ಲಿ ಮುಗಿಯುತ್ತೆ. ಕಟ್ಟಡದ ನಕ್ಷೆ ತೆಗೆಯುವ ಯಾವ ಅಂಗಡಿಯಲ್ಲಾದರೂ ಆಗುತ್ತೆ. ದುಡ್ಡು ಸ್ವಲ್ಪ ಜಾಸ್ತಿ, ಆದರೆ ಭಾನುವಾರ ಉಳಿಯುತ್ತೆ, ಫ್ಯಾನೂ ಹಾಕಿಕೊಳ್ಳಬಹುದು.

ಟೈಲರಿಂಗ್ ಟೀಚರ್, ಮೈಸೂರು

ನೋಡಿದೆಯಾ, ಚಿಕ್ಕಮ್ಮನ ಮಾತು ಸುಳ್ಳಾಯಿತು. 36 ಎದೆಗೆ 4 ಇಂಚು ಲೂಸ್ ಅಂತ ಅವರು ಸರಿಯಾಗಿಯೇ ಇಟ್ಟಿದ್ದರು. ನಿನಗೆ ಸಿಕ್ಕಿದ್ದು ಒಂದೂವರೆ. ಹಿಗ್ಗದ ಕಾಟನ್‌ಗೆ ಅದು ಸಾಲುವುದಿಲ್ಲ.

ಈಗ ಉಳಿಸುವ ಕೆಲಸ. ಓವರ್‌ಲಾಕ್ ಮಾಡಿಸಿದ್ದೀಯಾ? ಮಾರ್ಜಿನ್ ಕತ್ತರಿಸಿದ್ದೀಯಾ? ಇಲ್ಲ ಅಂದರೆ ಬದುಕಿದೆ.

ಪಕ್ಕದ ಹೊಲಿಗೆ ಎರಡೂ ಬಿಚ್ಚು. ತೋಳನ್ನೂ ಪೂರ್ತಿ ಬಿಚ್ಚು. ಸೂಜಿ ತುದಿಯಲ್ಲಿ ಒಂದೊಂದೇ ಎಳೆ ಎತ್ತು, ಜಗ್ಗಬೇಡ. ತೋಳು ಮತ್ತೆ ಕೂಡಿಸುವಾಗ ಒಂದೂವರೆ ಸೆಂ.ಮೀ. ಬದಲು ಮುಕ್ಕಾಲು ಸೆಂ.ಮೀ. ಮಾರ್ಜಿನ್ ಹಿಡಿ. ಭುಜಕ್ಕೆ ಅಷ್ಟೇ ಸಿಗುವುದು, ಆದರೆ ಹಾಕಿಕೊಂಡಾಗ ವ್ಯತ್ಯಾಸ ಗೊತ್ತಾಗುತ್ತೆ. ಪಕ್ಕ ತೆರೆದಿರುವಾಗಲೇ ತೋಳು ಕೂಡಿಸಬೇಕು. ಇದು ಮುಖ್ಯ.

ಆಮೇಲೆ ಎರಡೂವರೆ ಇಂಚು ಅಗಲದ ಪಟ್ಟಿ ಎರಡು ಕತ್ತರಿಸು. ಎರಡೂ ಕಡೆ ಮಾರ್ಜಿನ್ ಹೋದರೆ ಹತ್ತಿರ ಒಂದೂಕಾಲು ಇಂಚು ಉಳಿಯುತ್ತೆ. ಎರಡು ಪಕ್ಕ ಸೇರಿ ಎರಡೂವರೆ, ನಿನಗೆ ಕಳೆದುಹೋದದ್ದು ಅಷ್ಟೇ ತಾನೇ? ಪಟ್ಟಿ ತೋಳಿನ ಅಂಚಿಂದ ಶುರುವಾಗಿ, ಕಂಕುಳಲ್ಲಿ ಹಾದು, ಫ್ರಾಕಿನ ಕೆಳಅಂಚಿನವರೆಗೆ ಒಂದೇ ಉದ್ದಕ್ಕೆ ಹೋಗಬೇಕು. ಸುಮಾರು 45 ಇಂಚು ಬೇಕಾಗುತ್ತೆ. ಕಂಕುಳಲ್ಲೇ ನಿಲ್ಲಿಸಿದರೆ ಅಲ್ಲಿ ಗಂಟು ಕೂರುತ್ತೆ, ಕೈ ಎತ್ತಿದರೆ ಹರಿಯುತ್ತೆ. ತೋಳಿನ ಅಂಚಿನ ಹತ್ತಿರ ಪಟ್ಟಿಯನ್ನು ಸ್ವಲ್ಪ ಸಣ್ಣ ಮಾಡು, ಇಲ್ಲದಿದ್ದರೆ ತೋಳು ಜೋಲುತ್ತೆ.

ಅದೇ ಅಜ್ರಕ್ ಉಳಿದಿದ್ದರೂ ಹಾಕಬೇಡ. ಪ್ರಿಂಟ್ ಕೂಡುವುದಿಲ್ಲ, ತೇಪೆ ಹಾಕಿದ ಹಾಗೆ ಕಾಣುತ್ತೆ. ಬೇರೆ ಬಣ್ಣದ ಪ್ಲೇನ್ ಕಾಟನ್ ಹಾಕು, ಬೇಕಂತಲೇ ಹೀಗೆ ಹೊಲಿದದ್ದು ಅಂದುಕೊಳ್ಳುತ್ತಾರೆ.

ಕುತ್ತಿಗೆಗೆ ಸುತ್ತಲೂ ಕಾಲು ಇಂಚು ಕತ್ತರಿಸಿ ಕ್ರಾಸ್ ಪೀಸ್ (ಓರೆಯಾಗಿ ಕತ್ತರಿಸಿದ ಪಟ್ಟಿ) ಕೊಡು. ಕಾಲು ಅಂದರೆ ಕಾಲೇ. ಕುತ್ತಿಗೆ ಕತ್ತರಿಸುವಾಗ ಎಲ್ಲರ ಕೈಯೂ ಉದಾರವಾಗುತ್ತೆ.

ನಾನು ಕಲಿಸುವಾಗ ಕಾಗದವೇ ಇರಲಿಲ್ಲ. ಎದೆಯ ನಾಲ್ಕನೇ ಒಂದು ಭಾಗ, ಅದಕ್ಕಿಷ್ಟು ಲೂಸ್, ಇಷ್ಟು ಮಾರ್ಜಿನ್, ಬಟ್ಟೆ ಮೇಲೇ ಚಾಕ್. ತಪ್ಪಾದರೆ ತಪ್ಪು ನಮ್ಮದೇ. ಆದರೂ ನಿಮ್ಮ ಈ ಕಾಗದಕ್ಕೆ ನನ್ನ ವಿರೋಧವಿಲ್ಲ. ಅದನ್ನೂ ಅಳೆದು ನೋಡಿ, ಅಷ್ಟೇ. ಮೊದಲ ಸಲ ಹಳೇ ಪಂಚೆಯಲ್ಲಿ ಹೊಲಿದು ನೋಡಿದ್ದರೆ ಚಿಕ್ಕಪೇಟೆಯ ಬಟ್ಟೆಗೆ ಈ ಗತಿ ಬರುತ್ತಿರಲಿಲ್ಲ.

ಚಳಿ ದೇಶದ ದಾರ, ಜರ್ಮನಿ

ನನಗೆ ಇನ್ನೊಂದು ಥರ ಆಗಿತ್ತು, ಅದನ್ನೂ ಹೇಳಿಬಿಡುತ್ತೇನೆ. ಇಲ್ಲಿಗೆ ಬಂದ ಹೊಸತರಲ್ಲಿ ಬುರ್ದಾ ಅನ್ನುವ ಹೊಲಿಗೆ ಪತ್ರಿಕೆ ಕೊಂಡೆ. 1950ರಿಂದ ಬರುತ್ತಿದೆ, ನಮ್ಮ ಪಕ್ಕದ ಮನೆ ಅಜ್ಜಿಯ ಹತ್ತಿರ ಒಂದು ಅಟ್ಟಿಯೇ ಇದೆ. ಒಳಗೆ ಮಡಚಿಟ್ಟ ಹಾಳೆಯಲ್ಲಿ ಹತ್ತಾರು ಬಟ್ಟೆಗಳ ಗೆರೆ ಒಂದರ ಮೇಲೊಂದು. ರೈಲ್ವೆ ನಕ್ಷೆಯೇ. ನಮ್ಮ ಗೆರೆ ಹುಡುಕಿ ತೆಳು ಕಾಗದದಲ್ಲಿ ಎತ್ತಿಕೊಳ್ಳಬೇಕು. ಎತ್ತಿಕೊಂಡು, ಕತ್ತರಿಸಿ, ಹೊಲಿದೆ. ಬಿಗಿ! ಅದರಲ್ಲಿ ಮಾರ್ಜಿನ್ ಸೇರಿರಲಿಲ್ಲ, ನಾವೇ ಸೇರಿಸಿಕೊಳ್ಳಬೇಕಿತ್ತು. ಹಾಗಾಗಿ ಚೌಕ ಅಳೆದ ಮೇಲೆ ಮಾರ್ಜಿನ್ ಸೇರಿದೆಯೋ ಇಲ್ಲವೋ ಅಂತಲೂ ಓದಿಕೊಳ್ಳಿ.

ಬಟ್ಟೆಯ ಪನ್ನವೂ ನೋಡಿ. ಈ ಕಡೆಯ ಪ್ಯಾಟರ್ನ್‌ಗಳಲ್ಲಿ ಎಷ್ಟೋ ಸಲ 150 ಸೆಂ.ಮೀ. ಪನ್ನದ ಲೆಕ್ಕ ಇರುತ್ತೆ. 44 ಇಂಚು ಅಂದರೆ ಬರೀ 112. ಅವರು ಎರಡು ಮೀಟರ್ ಅಂದರೆ ನಮಗೆ ಮೂರು ಬೇಕಾಗಬಹುದು.

ಹೊಸ ಸೂಜಿ, ದಾವಣಗೆರೆ

ಎರಡು ವಾರ ಆಯಿತು, ಬಂದು ಹೇಳೋಣ ಅನಿಸಿತು.

ಓವರ್‌ಲಾಕ್ ಮಾಡಿಸಿರಲಿಲ್ಲ. ಸೋಮಾರಿತನ ಒಮ್ಮೊಮ್ಮೆ ಕಾಪಾಡುತ್ತೆ. ಬಿಚ್ಚೋಕೇ ಎರಡು ಸಂಜೆ ಹಿಡಿಯಿತು, ಅಮ್ಮ ಒಂದು ಪಕ್ಕ, ನಾನು ಒಂದು ಪಕ್ಕ. ಪಟ್ಟಿಗೆ ಅಮ್ಮನ ಹಳೇ ಬ್ಲೌಸ್ ಪೀಸ್ ಸಿಕ್ಕಿತು, ಇಟ್ಟಿಗೆ ಕೆಂಪು. 45 ಇಂಚು ಒಂದೇ ತುಂಡಲ್ಲಿ ಬರಲಿಲ್ಲ, ಕಂಕುಳ ಹತ್ತಿರ ಜೋಡಿಸಿದೆ. ಟೀಚರ್, ಬೈಯಬೇಡಿ.

ಈಗ 40 ಬಂದಿದೆ. ಕೈ ಎತ್ತಬಹುದು. ಕಿವಿಯೋಲೆ ಸಮೇತ ತಲೆ ತೂರುತ್ತೆ. ಉದ್ದ ಅಷ್ಟೇ ಇದೆ, ಮೊಣಕಾಲಿಗೆ ಬಂದರೂ ನನಗೇನೂ ಬೇಜಾರಿಲ್ಲ. ಪಟ್ಟಿ ಎಲ್ಲಿ ತೆಗೆದುಕೊಂಡೆ ಅಂತ ಆಫೀಸಲ್ಲಿ ಇಬ್ಬರು ಕೇಳಿದರು. ಚಿಕ್ಕಮ್ಮ ನೋಡಿ, ಈಗ ನಮ್ಮ ಮೈಗೆ ತಕ್ಕ ಹಾಗೆ ಆಯಿತು ನೋಡು ಅಂದರು. ಸುಮ್ನೆ ನಕ್ಕೆ.

ಜೇಬು ಮಾತ್ರ ಮತ್ತೆ ಕತ್ತರಿಸಲಿಲ್ಲ, ಹಳೆಯದನ್ನೇ ಪಟ್ಟಿಯ ಮುಂಭಾಗದ ಹೊಲಿಗೆಗೆ ಕೂಡಿಸಿದೆ. ಅವು ಇನ್ನೂ 94 ಪರ್ಸೆಂಟೇ. ಮೊಬೈಲ್ ಹಾಕಿದರೆ ಅರ್ಧ ಇಂಚು ಹೊರಗೆ ಇಣುಕುತ್ತೆ.